3,200 ರೂಪಾಯಿ ದುರ್ಬೀನು, 160 ರೂಪಾಯಿ ಕನ್ನಡಿ

ಮೊದಲೇ ಹೇಳಿಬಿಡುತ್ತೇನೆ, ದೇವಸ್ಥಾನದ ಛಾವಣಿ ನೋಡುವುದರಲ್ಲಿ ಗೆದ್ದದ್ದು ಕನ್ನಡಿ. ದುರ್ಬೀನಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದೆ ಬರೆದಿರುವುದರಲ್ಲಿ ಆ ಉರಿ ಸ್ವಲ್ಪ ಬೆರೆತಿದ್ದರೆ ಕ್ಷಮಿಸಿ.

ದೇವಸ್ಥಾನಕ್ಕೆ ಹೋದರೆ ಎಲ್ಲರೂ ಗರ್ಭಗುಡಿ ನೋಡುತ್ತಾರೆ, ಕಂಬ ನೋಡುತ್ತಾರೆ. ನನಗೆ ಮೇಲೆ ನೋಡುವ ಚಟ. ನವರಂಗದ, ಅಂದರೆ ಗರ್ಭಗುಡಿ ಮುಂದಿನ ಕಂಬಗಳ ಹಾಲಿನ, ನಡು ಅಂಕಣದಲ್ಲಿ (ನಾಲ್ಕು ಕಂಬಗಳ ನಡುವಿನ ಚೌಕ) ನಿಂತು ಕತ್ತೆತ್ತಿದರೆ ಕಾಣುವ ಕೆತ್ತನೆಗೆ ನಮ್ಮ ಕಡೆ ಭುವನೇಶ್ವರಿ ಅನ್ನುತ್ತಾರೆ. ಏಳನೇ ಕ್ಲಾಸಿನಲ್ಲಿ ಬೇಲೂರಿಗೆ ಟ್ರಿಪ್ ಹೋದಾಗ ಅಂಟಿಕೊಂಡ ಹುಚ್ಚು ಇದು. ಈಗ ನನಗೆ ಐವತ್ಮೂರು. ಕತ್ತಿನ ಮೂಳೆ ಸವೆದಿದೆ. ಡಾಕ್ಟರು ಕತ್ತನ್ನು ಹಿಂದಕ್ಕೆ ಬಗ್ಗಿಸಲೇಬೇಡಿ ಅಂದರು. ಇಷ್ಟು ವರ್ಷದಲ್ಲಿ ನಾನು ಕಲಿತ ಒಂದೇ ಹವ್ಯಾಸ ಅದು, ಅದನ್ನೇ ಬಿಡಿ ಅಂದರೆ?

ಈ ನೋವು ನನಗೊಬ್ಬಳಿಗೇ ಅಲ್ಲ ಅನ್ನುವುದು ಒಂದು ಸಮಾಧಾನ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ಲಿನ ಸೀಲಿಂಗನ್ನು ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ. ಅಟ್ಟಣಿಗೆ ಮೇಲೆ ಅಂಗಾತ ಮಲಗಿ ಬರೆದ ಅಂತ ತುಂಬಾ ಜನ ನಂಬಿದ್ದಾರೆ. ಅವನು ಬರೆದದ್ದು ನಿಂತುಕೊಂಡು, ತಲೆ ಹಿಂದಕ್ಕೆ ಎತ್ತಿ. ಗಡ್ಡ ಆಕಾಶ ನೋಡುತ್ತಿದೆ, ಕುಂಚದ ಬಣ್ಣ ಮುಖಕ್ಕೇ ತೊಟ್ಟಿಕ್ಕುತ್ತಿದೆ ಎಂದು ಸ್ನೇಹಿತನಿಗೆ ಪದ್ಯದಲ್ಲಿ ಗೋಳು ಹೇಳಿಕೊಂಡಿದ್ದಾನೆ. ಚಿತ್ರಗಾರ ರೂಬೆನ್ಸ್ ಜಾಣ. ಲಂಡನ್ನಿನ ಬ್ಯಾಂಕ್ವೆಟಿಂಗ್ ಹೌಸಿನ ಸೀಲಿಂಗ್ ಚಿತ್ರಗಳನ್ನು ತನ್ನೂರು ಆಂಟ್‌ವರ್ಪ್‌ನಲ್ಲೇ ಕ್ಯಾನ್ವಾಸ್ ಮೇಲೆ ಬರೆದು ಮುಗಿಸಿ ಕಳಿಸಿಕೊಟ್ಟ. 1636ರಲ್ಲಿ ಅವನ್ನು ಮೇಲೆ ಕೂರಿಸಿದವರು ಬೇರೆಯವರು.

ನಮ್ಮ ಯಜಮಾನರು ನನ್ನ ಕಷ್ಟ ನೋಡಿ, "ದುರ್ಬೀನು ತಗೋ, ದೂರದಲ್ಲಿ ಕೂತು ಓರೆಯಾಗಿ ನೋಡಬಹುದು, ಕತ್ತು ಅಷ್ಟು ಎತ್ತೋದು ಬೇಕಾಗಲ್ಲ" ಅಂದರು. ಕೇಳಲು ಸರಿಯಾಗೇ ಇತ್ತು. ಅಂಗಡಿಯಲ್ಲಿ ದೊಡ್ಡ ಕಣ್ಣಿನದು ತೋರಿಸಿದರು. ಕತ್ತಲಲ್ಲೂ ಚೆನ್ನಾಗಿ ಕಾಣುತ್ತದೆ ಎಂದರು. ಅಂಗಡಿ ಬಾಗಿಲಿನಿಂದ ಎದುರು ಬಿಲ್ಡಿಂಗಿನ ಮೇಲಿನ ನೀರಿನ ಟ್ಯಾಂಕ್ ನೋಡಿದೆ. ಟ್ಯಾಂಕಿನ ಮೇಲೆ ಕೂತ ಕಾಗೆಯ ಕಣ್ಣೂ ಕಂಡಿತು. ದುಡ್ಡು ಕೊಟ್ಟು ಬಂದೆವು.

ಮುಂದಿನ ಭಾನುವಾರವೇ ಅರಳಗುಪ್ಪೆ. ತಿಪಟೂರು ತಾಲ್ಲೂಕು, ನಮ್ಮದೇ ತುಮಕೂರು ಜಿಲ್ಲೆ. ಅಲ್ಲಿನ ಕಲ್ಲೇಶ್ವರ ದೇವಸ್ಥಾನ ನೊಳಂಬ ಅರಸರ ಕಾಲದ್ದು, 9ನೇ ಶತಮಾನದ್ದು. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ, ಸಾದಾ ಗುಡಿ. ಒಳಗೆ ಹೋಗಿ ಮೇಲೆ ನೋಡಬೇಕು. ನಡುವೆ ಕುಣಿಯುವ ಶಿವ, ಪಕ್ಕದಲ್ಲಿ ವಾದ್ಯದವರು, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ತಮ್ಮ ತಮ್ಮ ವಾಹನಗಳ ಮೇಲೆ. ಹೊಯ್ಸಳರ ಭುವನೇಶ್ವರಿಗಳಲ್ಲಿ ಕೆತ್ತನೆ ಒಂದರ ಮೇಲೊಂದು ಕಿಕ್ಕಿರಿದಿರುತ್ತದೆ. ಇಲ್ಲಿ ಹಾಗಿಲ್ಲ, ಮೂರ್ತಿಗಳ ನಡುವೆ ಉಸಿರಾಡುವಷ್ಟು ಜಾಗ ಇದೆ. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕೆ ಸಮ ಇಲ್ಲ.

ದುರ್ಬೀನು ಕಣ್ಣಿಗಿಟ್ಟೆ. ಬೂದಿ ಬಣ್ಣದ ಮಂಜು.

ನಡುವಿನ ತಿರುಪು ತಿರುಗಿಸಿದೆ. ಮಂಜು ಇನ್ನಷ್ಟು ದಪ್ಪವಾಯಿತು. ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಯಜಮಾನರು ಕಿತ್ತುಕೊಂಡು ಅವರೂ ತಿರುಗಿಸಿದರು. ಕನ್ನಡಕ ತೆಗೆದು ನೋಡಿ, ಹಾಕಿ ನೋಡಿ, ಸೆರಗಿನಿಂದ ಗಾಜು ಒರೆಸಿ ನೋಡಿ ಎಲ್ಲ ಆಯಿತು. ಹೊರಗೆ ಬಂದು ತೆಂಗಿನ ಮರ ನೋಡಿದರೆ ಎಳನೀರಿನ ತೊಟ್ಟು ಕೂಡ ಸ್ಪಷ್ಟ. ಒಳಗೆ ಬಂದರೆ ಮತ್ತೆ ಮಂಜು. ಹೀಗೆ ನಾಲ್ಕು ಸಲ ಒಳಗೆ ಹೊರಗೆ ಓಡಾಡಿದ್ದನ್ನು ನೋಡಿ ಅರ್ಚಕರು, "ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಿದರು.

ಮನೆಗೆ ಬಂದ ಮೇಲೆ ಗೊತ್ತಾಯಿತು. ಪ್ರತಿ ದುರ್ಬೀನಿಗೂ ಇಷ್ಟು ದೂರಕ್ಕಿಂತ ಹತ್ತಿರದ್ದು ಕಾಣುವುದಿಲ್ಲ ಎಂಬ ಲೆಕ್ಕ ಇರುತ್ತದೆ. ದೊಡ್ಡ ಕಣ್ಣಿನ ದುರ್ಬೀನುಗಳಲ್ಲಿ ಆ ದೂರ ಜಾಸ್ತಿ. ನಮ್ಮದಕ್ಕೆ ಕನಿಷ್ಠ 4 ಮೀಟರ್ ಬೇಕು. ಗೇಟಿಗೆ ಟೇಪು ಹಿಡಿದು ಅಳೆದು ನೋಡಿದೆ. ಅರಳಗುಪ್ಪೆಯ ಛಾವಣಿ ನನ್ನ ಅಂದಾಜಿಗೆ ಹತ್ತಡಿ ಎತ್ತರ, ನನ್ನ ಕಣ್ಣು ಐದಡಿಯಲ್ಲಿದೆ. ಕಣ್ಣಿಗೂ ಕಲ್ಲಿಗೂ ನಡುವೆ ಬರೀ ಐದಡಿ, ಅಂದರೆ ಒಂದೂವರೆ ಮೀಟರ್! ಓರೆಯಾಗಿ ನೋಡೋಣ ಅಂದರೆ ಅಡ್ಡ ಬರುವುದು ಕಂಬ ಮತ್ತು ತೊಲೆ. ನಮ್ಮ ಕಡೆಯ ಹಳೇ ಗುಡಿಗಳಲ್ಲಿ ಹೆಚ್ಚಿನವು ಹೀಗೆ ತಗ್ಗು. ಸಿಸ್ಟೀನ್ ಚಾಪೆಲ್ಲಿನ ಹಾಗೆ 20 ಮೀಟರ್ ಎತ್ತರದಲ್ಲಿ ಚಿತ್ರ ಇದ್ದರೆ ದುರ್ಬೀನು ಸೈ. ಅರಳಗುಪ್ಪೆಗೆ ಅದು ಏಕೆ? ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. "ಸರಿಯಾಗೇ ಇದೆಯಲ್ಲಮ್ಮ, ಟ್ಯಾಂಕ್ ನೋಡಿ" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ.

ಫೋನಿನದು ಚಿಕ್ಕ ಕಥೆ. ಸೆಲ್ಫಿ ಕ್ಯಾಮೆರಾ ಮೇಲೆ ಮಾಡಿ ನೆಲದ ಮೇಲಿಟ್ಟು ಟೈಮರ್ ಹಾಕಿದರೆ ಇಡೀ ಅಂಕಣ ನೆಟ್ಟಗೆ ಬರುತ್ತದೆ. ಆದರೆ ಕತ್ತಲಲ್ಲಿ ಮೂರ್ತಿಗಳ ಮುಖ ಸಾಬೂನು ಹಚ್ಚಿದ ಹಾಗೆ ನುಣ್ಣಗಾಗುತ್ತದೆ. ಒಂದು ಸಲ ಪ್ರದಕ್ಷಿಣೆ ಬರುತ್ತಿದ್ದ ಹುಡುಗ ಅದನ್ನು ತುಳಿಯುವುದರಲ್ಲಿದ್ದ. ಕೆಲವು ಕಡೆ ಫೋಟೋ ತೆಗೆಯುವಂತಿಲ್ಲ ಅಂತ ಬೋರ್ಡ್ ಇರುತ್ತದೆ. ಇಷ್ಟಕ್ಕೂ ಮನೆಗೆ ಬಂದು ಫೋಟೋ ನೋಡುವುದಾದರೆ ಅಲ್ಲಿಗೆ ಹೋಗುವುದು ಯಾಕೆ, ಅಲ್ವಾ?

ಮಲಗಿ ನೋಡುವುದು ಎಲ್ಲಕ್ಕಿಂತ ಸುಖ, ಪುಕ್ಕಟೆ ಕೂಡ. ಸೀಬಿಯಲ್ಲಿ ಪ್ರಯತ್ನಿಸಿದೆ. ತುಮಕೂರಿನಿಂದ ಶಿರಾ ಕಡೆ ಹೋಗುವ ಹೈವೇ ಪಕ್ಕದಲ್ಲೇ ಇರುವ ನರಸಿಂಹಸ್ವಾಮಿ ದೇವಸ್ಥಾನ. 18ನೇ ಶತಮಾನದ ಕೊನೆಯ ಹೊತ್ತಿಗೆ ನಲ್ಲಪ್ಪ ಮತ್ತು ಅವನ ಅಣ್ಣತಮ್ಮಂದಿರು ಕಟ್ಟಿಸಿದ್ದು. ಅವರ ಅಪ್ಪ ಕಚೇರಿ ಕೃಷ್ಣಪ್ಪ ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ಇಲ್ಲಿ ಮೇಲಿರುವುದು ಕೆತ್ತನೆಯಲ್ಲ, ಬಣ್ಣದ ಚಿತ್ರ. ರಾಮಾಯಣ, ಮಹಾಭಾರತ, ಅವುಗಳ ಜೊತೆಗೇ ಹೈದರಾಲಿಯ ದರ್ಬಾರು. ಪಟ್ಟಿ ಪಟ್ಟಿಯಾಗಿ ಕಥೆ ಓಡುತ್ತದೆ. ಟವೆಲ್ ಹಾಸಿ ಮಲಗಿ ಎರಡು ಪಟ್ಟಿ ನೋಡಿರಬಹುದು, ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, "ಯಾಕವ್ವಾ, ತಲೆ ಸುತ್ತು ಬಂತಾ?" ಅಂತ ನೀರಿನ ಬಾಟಲಿ ಮುಂದೆ ಹಿಡಿದರು. ಎದ್ದು ಕೂತು ನೋಡಿದರೆ ನನ್ನ ಕಾಲು ದೇವರ ಕಡೆಗೇ ಇತ್ತು. ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಕಾಲು ನೋಡಿದರು. ಅಂದಿಗೆ ಮಲಗುವುದು ಮುಗಿಯಿತು.

ಕನ್ನಡಿಯ ಯೋಚನೆ ಬಂದದ್ದು ನನ್ನ ಅಕ್ಕನ ಮಗಳು ರೋಮಿನಿಂದ ಕಳಿಸಿದ ಫೋಟೋ ನೋಡಿ. ಅಲ್ಲಿ ಸಂತ್ ಇಗ್ನಾಸಿಯೊ ಅನ್ನುವ ಚರ್ಚು. ಆಂಡ್ರಿಯಾ ಪೊಝೊ ಅನ್ನುವ ಚಿತ್ರಗಾರ 1685ರಲ್ಲಿ ಅಲ್ಲಿ ಒಂದು ತಮಾಷೆ ಮಾಡಿದ. ಗುಮ್ಮಟ ಇರಬೇಕಾದ ಜಾಗದಲ್ಲಿ ಗುಮ್ಮಟದ ಚಿತ್ರ ಬರೆದ ಚಪ್ಪಟೆ ಕ್ಯಾನ್ವಾಸನ್ನು ಕೂರಿಸಿದ. ನೆಲದಲ್ಲಿ ಒಂದು ಗುರುತು ಇದೆ, ಅಲ್ಲಿ ನಿಂತು ನೋಡಿದರೆ ನಿಜವಾದ ಗುಮ್ಮಟವೇ ಅನ್ನಿಸುತ್ತದೆ. ನಮ್ಮ ಊರಿನ ಪಿಒಪಿ ಫಾಲ್ಸ್ ಸೀಲಿಂಗಿನವರಿಗೆ ಇವನೇ ಮೂಲಪುರುಷ ಇರಬೇಕು. ಜನ ಕತ್ತೆತ್ತಿ ಒದ್ದಾಡಬಾರದು ಅಂತ ಅಲ್ಲಿ ಒಂದು ಓರೆ ಕನ್ನಡಿ ಇಟ್ಟಿದ್ದಾರೆ. ಲಂಡನ್ನಿನ ಗ್ರೀನಿಚ್‌ನಲ್ಲಿ ಥಾರ್ನ್‌ಹಿಲ್ ಅನ್ನುವ ಚಿತ್ರಗಾರ 19 ವರ್ಷ ಕೂತು ಬರೆದ ಪೇಂಟೆಡ್ ಹಾಲಿನಲ್ಲಿ ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಕನ್ನಡಿಯೂ ಉಂಟು. ಫೋಟೋ ನೋಡಿದ ತಕ್ಷಣ ನನ್ನ ಹಣೆ ಚಚ್ಚಿಕೊಂಡೆ. ಚಿಕ್ಕವರಿದ್ದಾಗ ಅಪ್ಪನ ಶೇವಿಂಗ್ ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ಜಂತೆ ದಾಟುತ್ತಾ ಅಟ್ಟದ ಮೇಲೆ ನಡೆಯುವ ಆಟ ಆಡಿರಲಿಲ್ಲವೇ? ಆ ಆಟವೇ ಇದು!

ಮಂಡಿಪೇಟೆಯ ಗಾಜಿನ ಅಂಗಡಿಯಲ್ಲಿ ಒಂದಡಿ ಉದ್ದ, ಹತ್ತಿಂಚು ಅಗಲದ ತುಂಡು ಕತ್ತರಿಸಿಕೊಂಡೆ. ಅಂಚು ಉಜ್ಜಿಸಿ, ಹಿಂದೆ ರಟ್ಟು ಅಂಟಿಸಿ ಒಟ್ಟು 160 ರೂಪಾಯಿ. ಹಗುರ ಇರಲಿ ಅಂತ ಮೊದಲು ಪ್ಲಾಸ್ಟಿಕ್ ಕನ್ನಡಿ ಹಾಳೆ ತಂದಿದ್ದೆ, ಅದು ಬಳುಕುತ್ತದೆ, ಶಿವನಿಗೆ ಹೊಟ್ಟೆ ಬಂದುಬಿಟ್ಟಿತು. ಬೇಡ.

ಮತ್ತೆ ಅರಳಗುಪ್ಪೆ. ಕನ್ನಡಿ ನೆಲಕ್ಕಿಟ್ಟು ಬಗ್ಗಿ ನೋಡಿದರೆ ಗುಡಿಯ ಕೆಳಗೆ ಇನ್ನೊಂದು ಗುಡಿ, ಬಾವಿಯೊಳಗೆ ಇಣುಕಿದ ಹಾಗೆ. ಕತ್ತು ಅಕ್ಕಿ ಆರಿಸುವಾಗ ಎಷ್ಟು ಬಗ್ಗುತ್ತದೋ ಅಷ್ಟೇ. ಅರ್ಧ ಗಂಟೆ ನೋಡಿದೆ, ನೋವಿಲ್ಲ. ನೆಲದ ಮೇಲಿಟ್ಟರೆ ಒಂದೊಂದೇ ಮೂರ್ತಿ ಕಾಣುತ್ತದೆ. ಇಡೀ ಅಂಕಣ ಬೇಕಾದರೆ ಸೊಂಟದ ಹತ್ತಿರ ಎತ್ತಿ ಹಿಡಿಯಬೇಕು. ಮುಖದ ನೇರ ಕೆಳಗೆ ಹಿಡಿದರೆ ನಿಮ್ಮ ಮೂಗೇ ಭುವನೇಶ್ವರಿ ಆಗುತ್ತದೆ, ಸ್ವಲ್ಪ ಮುಂದಕ್ಕೆ ಚಾಚಿ. ಟಾರ್ಚು ಬೇಕು, ಆದರೆ ಅದನ್ನು ಕನ್ನಡಿಗೆ ಬಿಡಬೇಡಿ. ಪಕ್ಕದಲ್ಲಿ ನಿಂತವರು ಛಾವಣಿಗೆ ಓರೆಯಾಗಿ ಬಿಡಬೇಕು. ನೇರ ಬೆಳಕಿಗೆ ಕೆತ್ತನೆ ಚಪ್ಪಟೆ, ಓರೆ ಬೆಳಕಿಗೆ ಬೆರಳು, ಉಗುರು ಎದ್ದು ಬರುತ್ತವೆ.

ಕನ್ನಡಿಗೂ ಒಂದು ತಕರಾರಿದೆ. ಎಡಬಲ ಅದಲುಬದಲು. ಶಿವ ಎಡಚನಾಗುತ್ತಾನೆ. ಬಲಗೈಯಲ್ಲಿ ಏನಿದೆ ಅಂತ ಬರೆದುಕೊಳ್ಳುವವರು ಪ್ರತಿ ಸಲ ತಿರುಗಿಸಿ ಯೋಚಿಸಬೇಕು, ನಾನು ಎರಡು ಸಲ ತಪ್ಪು ಬರೆದೆ. ಆದರೆ ದಿಕ್ಕುಗಳ ವಿಷಯದಲ್ಲಿ ಉಲ್ಟಾ ಆಯಿತು. ಕತ್ತೆತ್ತಿ ನೋಡುವಾಗ ದಿಕ್ಪಾಲಕರು ಭೂಪಟಕ್ಕೆ ಹೊಂದುವುದಿಲ್ಲ, ಉತ್ತರ ಕೆಳಗೆ ಬಂದರೂ ಪೂರ್ವ ಬಲಕ್ಕೇ ಇರುತ್ತದೆ. ಕನ್ನಡಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಉತ್ತರ ಮೇಲೆ, ಪೂರ್ವ ಬಲಕ್ಕೆ. ಆನೆ ಮೇಲಿನ ಇಂದ್ರ ಬಲಕ್ಕೆ, ಕೋಣದ ಮೇಲಿನ ಯಮ ಕೆಳಗೆ, ಮೊಸಳೆಯಂಥ ಮಕರದ ಮೇಲಿನ ವರುಣ ಎಡಕ್ಕೆ. ಸ್ಕೂಲಿನ ಗೋಡೆಯ ಭೂಪಟದ ಹಾಗೆ. ಇಷ್ಟು ವರ್ಷ ನೋಡಿದರೂ ಯಾರು ಎಲ್ಲಿ ಅಂತ ಗೊಂದಲ ಇತ್ತು, ಆವತ್ತು ಬಗೆಹರಿಯಿತು.

ಇನ್ನೊಂದು ಕೊರತೆ, ಕನ್ನಡಿಯಲ್ಲಿ ಮೂರ್ತಿ ಚಿಕ್ಕದಾಗಿ ಕಾಣುತ್ತದೆ. ಕಣ್ಣಿನಿಂದ ನೆಲಕ್ಕೆ ಐದಡಿ, ನೆಲದಿಂದ ಛಾವಣಿಗೆ ಹತ್ತಡಿ, ಒಟ್ಟು ಹದಿನೈದಡಿ ದೂರದ್ದನ್ನು ನೋಡಿದ ಲೆಕ್ಕ. ಹದಿನೈದಡಿ ಅಂದರೆ ನಾಲ್ಕೂವರೆ ಮೀಟರ್. ಅಷ್ಟು ಲೆಕ್ಕ ಹಾಕಿದ್ದೇ ತಡ, ಯಜಮಾನರು ಕಾರಿಗೆ ಓಡಿದರು. ದುರ್ಬೀನನ್ನು ಕೆಳಗೆ, ಕನ್ನಡಿಯ ಕಡೆಗೆ ತಿರುಗಿಸಿ ನೋಡಿದರೆ ಮಂಜಿಲ್ಲ! ಶಿವನ ಸೊಂಟದ ಪಟ್ಟಿಯ ಎಳೆ ಎಳೆ ಕಂಡಿತು. ಗುಡಿಯೊಳಗೆ ದುರ್ಬೀನು ಹಿಡಿದು ನೆಲ ನೋಡುತ್ತಿದ್ದ ನಮ್ಮನ್ನು ಕಂಡು ಅರ್ಚಕರಿಗೆ ಈ ಸಲ ನಿಜವಾಗಿಯೂ ಏನೋ ಕಳೆದಿದೆ ಅನ್ನಿಸಿರಬೇಕು. ವಿಷಯ ಹೇಳಿದ ಮೇಲೆ ನಕ್ಕರು. ಪೂಜೆಯಲ್ಲಿ ದೇವರಿಗೆ ಕನ್ನಡಿ ತೋರಿಸುವುದುಂಟು, ನೀರು ಹಾಕಲಾಗದ ಚಿತ್ರಪಟವಾದರೆ ಕನ್ನಡಿಯಲ್ಲಿ ಬಿದ್ದ ಬಿಂಬಕ್ಕೇ ಅಭಿಷೇಕ ಮಾಡುತ್ತಾರೆ, ನೀವು ಮಾಡಿದ್ದೇನೂ ಹೊಸದಲ್ಲ ಬಿಡಿ ಅಂದರು.

ಆದರೂ ದುರ್ಬೀನು ಕೊಳ್ಳಿ ಅಂತ ಹೇಳುವುದಿಲ್ಲ. ಇದ್ದವರು ಒಯ್ಯಿರಿ, ಅಷ್ಟೇ.

ಕೊನೆಗೆ ಲೇಪಾಕ್ಷಿ. ಮಧುಗಿರಿ ಮೇಲೆ ಹೋಗಿ ಹಿಂದೂಪುರ ದಾಟಿದರೆ ಸಿಗುತ್ತದೆ. ಮಣ್ಣು ಆಂಧ್ರದ್ದು, ಮೇಲಿನ ಚಿತ್ರ ಮಾತ್ರ ವಿಜಯನಗರದ್ದು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ. ಅಲ್ಲಿನ ವೀರಭದ್ರನ ಚಿತ್ರ ಸುಮಾರು 24 ಅಡಿ ಉದ್ದ. ಅವನ ಪಾದದ ಹತ್ತಿರ ಕಟ್ಟಿಸಿದವರೂ ಚಿಕ್ಕದಾಗಿ ಕೈಮುಗಿದು ನಿಂತಿದ್ದಾರೆ. ಇಷ್ಟುದ್ದದ್ದನ್ನು ನಿಂತಲ್ಲಿಂದ ನೋಡಲಾಗದು. ಕನ್ನಡಿ ಎದೆಗಾನಿಸಿ ಪಾದದಿಂದ ಕಿರೀಟದವರೆಗೆ ನಡೆದೆ, ಯಜಮಾನರು ಕಂಬಕ್ಕೆ ಗುದ್ದದಂತೆ ಮೊಣಕೈ ಹಿಡಿದಿದ್ದರು. ಹಳೇ ಬಣ್ಣಕ್ಕೆ ಫ್ಲಾಶ್ ಬೇಡ, ಟಾರ್ಚೂ ತುಂಬಾ ಹೊತ್ತು ಬೇಡ. ನಾಟ್ಯಮಂಟಪದಲ್ಲಿ ಹೊರಗಿನ ಬೆಳಕೇ ಸಾಕಾಯಿತು. ಅಲ್ಲಿನ ಚಿತ್ರಗಳಲ್ಲಿರುವ ಹೆಂಗಸರ ಸೀರೆ ಅಂಚುಗಳನ್ನು ನೋಡುತ್ತಾ ನಾನು ಎಷ್ಟು ಹೊತ್ತು ನಿಂತೆನೋ, ಊಟದ ಹೊತ್ತು ಮೀರಿತ್ತು.

ಮುಂದಿನ ತಿಂಗಳು ನಂದಿ ಬೆಟ್ಟದ ಬುಡದ ಭೋಗನಂದೀಶ್ವರಕ್ಕೆ ಹೋಗುವುದಿದೆ. ಕನ್ನಡಿಗೆ ಹಳೇ ದಿಂಬಿನ ಕವರ್ ಹೊಲಿದಿದ್ದೇನೆ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಬಹುದು. ನೀವೂ ಮಾಡಿಸುವುದಾದರೆ ಗೋಡೆಗೆ ತೂಗುಹಾಕುವ ಕೊಂಡಿ ಹಾಕಿಸಬೇಡಿ, ನೆಲದ ಮೇಲೆ ಇಟ್ಟಾಗ ಕನ್ನಡಿ ಆ ಕಡೆ ಈ ಕಡೆ ಕುಂಟುತ್ತದೆ.