ಮರುತುಂಬಿದ ಕಾಡತೂಸು: ಹೊಳೆಯುವ ಹಿತ್ತಾಳೆಯನ್ನು ನಂಬಬೇಡಿ

ಕಲಬುರಗಿ, ಬೀದರ್ ಭಾಗದಲ್ಲಿ ಪರವಾನಗಿಯ .315 ರೈಫಲ್ ಇಟ್ಟುಕೊಂಡು ಗುರಿ ಅಭ್ಯಾಸ ಮಾಡುವವರು ದಯವಿಟ್ಟು ಇದನ್ನು ಓದಬೇಕು. ಹಳೆಯ ಖಾಲಿ ಕೇಸುಗಳಿಗೆ (ಕಾಡತೂಸಿನ ಹಿತ್ತಾಳೆಯ ಕವಚ) ಮತ್ತೆ ಮದ್ದು ತುಂಬಿ ಅಗ್ಗಕ್ಕೆ ಕೊಡುತ್ತೇವೆ ಎಂದು ಯಾರೇ ಹೇಳಿದರೂ ತೆಗೆದುಕೊಳ್ಳಬೇಡಿ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಕಾಡತೂಸು ನನ್ನ ಪಕ್ಕದಲ್ಲೇ ನಿಂತಿದ್ದ ಗೆಳೆಯರ ಮುಖಕ್ಕೆ ಬಿಸಿ ಅನಿಲ ಉಗುಳಿತು.

ಗುಂಡು ಹಾರಿದ ಸದ್ದಿನ ಜೊತೆಗೇ ಕಾಡತೂಸಿನ ಹಿಂಬದಿ ಮುಚ್ಚುವ ಬೋಲ್ಟಿನ ಸಂದಿಯಿಂದ ಹೊಗೆ ಚಿಮ್ಮಿತು. ಕನ್ನಡಕದ ಬಲಗಾಜಿನ ತುಂಬ ಹಿತ್ತಾಳೆಯ ಸಣ್ಣ ಕಣಗಳು ಅಂಟಿದ್ದವು. ಆ ಕನ್ನಡಕ ಇಲ್ಲದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ. ಎಷ್ಟು ಎಳೆದರೂ ಬೋಲ್ಟ್ ತೆರೆಯಲಿಲ್ಲ. ಬಂದೂಕು ರಿಪೇರಿಯವರು ಬಿಡಿಸಿಕೊಟ್ಟ ಮೇಲೆ ನೋಡಿದರೆ ಕೇಸಿನ ತಳ ಉಬ್ಬಿತ್ತು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂರುವ ಗುಳಿ ಅಗಲವಾಗಿ ಪ್ರೈಮರ್ ಕಳಚಿಹೋಗಿತ್ತು, ಬೋಲ್ಟಿನ ಮುಖದ ಗೆರೆಗಳೆಲ್ಲ ಹಿತ್ತಾಳೆಯ ಮೇಲೆ ಅಚ್ಚೊತ್ತಿದ್ದವು.

ವಿಚಾರಿಸಿದಾಗ ತಿಳಿದದ್ದು ಇಷ್ಟು: ತುಂಬಿಕೊಟ್ಟವರು ಕೇಸಿನ ಕತ್ತು ಬಿರಿಯದಿರಲೆಂದು ಇಡೀ ಕೇಸುಗಳನ್ನೇ ಪಾತ್ರೆ ಮಾಡುವವರೊಬ್ಬರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ್ದರು. ತಂಬಿಗೆಗೆ ಆ ಕ್ರಮ ಸರಿಯೇ, ಕೇಸಿಗೆ ಅದು ಪ್ರಾಣಾಂತಿಕ. ಸುಮಾರು ಶೇ. 70 ತಾಮ್ರ, ಶೇ. 30 ಸತು ಸೇರಿದ ಈ ಹಿತ್ತಾಳೆಯನ್ನು ಕಾರ್ಖಾನೆಯಲ್ಲಿ ಒತ್ತಿ ಎಳೆದು ತಳವನ್ನು ಗಟ್ಟಿ ಮಾಡಿರುತ್ತಾರೆ, ಕತ್ತು ಮತ್ತು ಅದರ ಕೆಳಗಿನ ಇಳಿಜಾರಾದ ಭುಜವನ್ನು ಮಾತ್ರ ಕಾಯಿಸಿ ಮೆದು ಮಾಡಿರುತ್ತಾರೆ. ಎರಡು ಸಾವಿರ ಅಟ್ಮಾಸ್ಫಿಯರ್‌ಗೂ ಮೀರಿದ ಒತ್ತಡವನ್ನು ಹಿಂದಕ್ಕೆ ಸೋರದಂತೆ ತಡೆಯುವುದು ಆ ಗಟ್ಟಿ ತಳ. ಒಮ್ಮೆ ಕಾಯ್ದು ಮೆದುವಾದ ತಳವನ್ನು ಮತ್ತೆ ಕಾಯಿಸಿ ನೀರಿಗದ್ದಿ ಗಟ್ಟಿ ಮಾಡಲಾಗದು, ಏಕೆಂದರೆ ಹಿತ್ತಾಳೆ ಉಕ್ಕಲ್ಲ. ಆ ಕೇಸು ಗುಜರಿಗೇ ಸರಿ. ಇಷ್ಟಾದ ಮೇಲೆ ಅವರು ಅವನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದಿದ್ದರು. ಬೆಂಕಿ ತಾಗಿದ ಬಣ್ಣ ಪೂರ್ತಿ ಹೋಗಿ ಹೊಸದರಂತೆ ಥಳಥಳಿಸುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಅತ್ಯಂತ ಸಿಟ್ಟು ತರಿಸಿದ ಸಂಗತಿ ಇದೇ.

ಉಳಿದ ಕೇಸುಗಳಲ್ಲಿ ಇನ್ನೊಂದು ದೋಷ ಕಂಡಿತು. ಕೇಸು ಮೊದಲ ಬಾರಿ ಸಿಡಿದಾಗ ಹಿಗ್ಗಿ, ಆ ರೈಫಲಿನ ಚೇಂಬರಿನ (ಕಾಡತೂಸು ಕೂರುವ ಜಾಗ) ಅಳತೆಗೆ ಕೂರುತ್ತದೆ. ನಿಖರತೆ ಬಯಸುವ ಶೂಟರುಗಳು ಆ ಆಕಾರವನ್ನು ಕೆಡಿಸದೆ, ಭುಜವನ್ನು ಒಂದೆರಡು ಸಾವಿರಾಂಶ ಇಂಚಿಗಿಂತ ಹೆಚ್ಚು ಹಿಂದಕ್ಕೆ ತಳ್ಳದೆ, ಅದೇ ರೈಫಲಿಗೆ ಮರಳಿ ಬಳಸುತ್ತಾರೆ. ಇಲ್ಲಿ ಬೇರೆ ಬೇರೆ ರೈಫಲುಗಳ ಕೇಸುಗಳನ್ನು ಬೆರೆಸಿ, ಪ್ರತಿ ಸಲವೂ ಆಕಾರ ಕೊಡುವ ಅಚ್ಚಿನಲ್ಲಿ (ಡೈ) ಪೂರ್ತಿ ಒತ್ತಿದ್ದರು. ಹಾಗೆ ಮಾಡಿದರೆ ಸಿಡಿದಾಗಲೆಲ್ಲ ಹಿತ್ತಾಳೆ ಉದ್ದಕ್ಕೆ ಎಳೆದು, ತಳದ ಸ್ವಲ್ಪ ಮೇಲೆ ಒಳಗೋಡೆ ತೆಳುವಾಗುತ್ತದೆ. ಬೋಲ್ಟ್ ಹಿಂದುಗಡೆ ಬಿಗಿಯುವ ನಮ್ಮ .315 ರೈಫಲುಗಳಲ್ಲಿ ಈ ಎಳೆತ ಇನ್ನೂ ಹೆಚ್ಚು. ತುದಿ ಬಾಗಿಸಿದ ಸಣ್ಣ ತಂತಿಯನ್ನು ಖಾಲಿ ಕೇಸಿನೊಳಗೆ ಇಳಿಸಿ ಗೋಡೆಗುಂಟ ಮೇಲಕ್ಕೆಳೆದಾಗ ಹಲವು ಕೇಸುಗಳಲ್ಲಿ ಆ ತಗ್ಗು ತಂತಿಗೆ ಸಿಕ್ಕಿಬಿತ್ತು. ಇನ್ನೊಂದೆರಡು ಬಾರಿ ಹಾರಿಸಿದ್ದರೆ ಕೇಸು ಅಲ್ಲಿಗೇ ಎರಡು ತುಂಡಾಗುತ್ತಿತ್ತು.

ತುಂಬಿಕೊಟ್ಟವರ ಬಳಿ ಪರವಾನಗಿಯೂ ಇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು, ಮಾರಲು ಪರವಾನಗಿ ಕಡ್ಡಾಯ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷ ಜೈಲು. ಕಾಡತೂಸನ್ನು ಪರವಾನಗಿ ಇರುವ ಅಂಗಡಿಯಲ್ಲಿ ರಸೀದಿ ಪಡೆದು, ಕಾರ್ಖಾನೆಯ ಪೆಟ್ಟಿಗೆಯಲ್ಲಿದ್ದದ್ದನ್ನೇ ಕೊಳ್ಳಿ. ನಿಮ್ಮಲ್ಲಿ ಈಗಾಗಲೇ ಇಂಥವು ಇದ್ದರೆ ಒಂದನ್ನೂ ಹಾರಿಸಬೇಡಿ, ಬಿಚ್ಚಲೂ ಹೋಗಬೇಡಿ. ವಕೀಲರನ್ನು ಕೇಳಿಕೊಂಡು ಠಾಣೆಗೆ ಒಪ್ಪಿಸಿ.