ವೈಕಿಂಗ್ ಗಡ್ಡದ ಕೊಡಲಿ: ಬಾಯಿಗೆ ಫುಲ್ ಮಾರ್ಕ್ಸ್, ಕಾವಿಗೆ ಸೊನ್ನೆ

ವೈಕಿಂಗರ (ಸಾವಿರ ವರ್ಷದ ಹಿಂದಿನ ಸ್ಕ್ಯಾಂಡಿನೇವಿಯಾದ ಕಡಲಿಗರು) ಮಾದರಿಯಲ್ಲಿ ಕಮ್ಮಾರರೊಬ್ಬರು ಬಡಿದ ಕೊಡಲಿ ತಗೊಂಡಿದ್ದೆ. ಮೊದಲು ಅದರ ಕಾವಿನ (ಮರದ ಹಿಡಿಯ) ವಿಷಯ ಹೇಳಿಬಿಡುತ್ತೇನೆ. ಸ್ಟಾಕ್‌ಹೋಮ್‌ನ ಮೊದಲ ಚಳಿಗಾಲಕ್ಕೇ ಅದು ಅಲ್ಲಾಡತೊಡಗಿತು. ಮನೆಯಲ್ಲಿ ಹೀಟರ್ ಹಾಕಿದರೆ ಗಾಳಿ ಒಣಗುತ್ತದೆ, ಆಶ್ ಮರ ಕುಗ್ಗುತ್ತದೆ, ಬೆಣೆ ಸಡಿಲವಾಗುತ್ತದೆ. ಸರಿ, ಯಾವ ಕೊಡಲಿಗೂ ಆಗುವಂಥದ್ದೇ. ಆದರೆ ಕಿತ್ತು ನೋಡಿದರೆ, ಕಾವು ಕೂರುವ ತೂತಿನ ಒಳಗೆ ಅರ ಮುಟ್ಟಿಸಿಯೇ ಇಲ್ಲ! ಬರೀ ಉಬ್ಬುತಗ್ಗು. ಕಾವು ಎರಡೇ ಕಡೆ ತಾಗಿಕೊಂಡು ನಿಂತಿತ್ತು. ಕಮ್ಮಾರರಿಗೆ ಬರೆದರೆ, 'ನೀರಲ್ಲಿ ನೆನೆಸಿಡಿ, ಆಗಿನ ಕಾಲದಲ್ಲೂ ಹಾಗೇ' ಎಂಬ ಉತ್ತರ. ನೆನೆಸಿದ ಮರ ಉಬ್ಬಿ ಸ್ವಲ್ಪ ಹೊತ್ತು ಬಿಗಿಯಾಗಿರುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ. ಈ ದುಡ್ಡಿಗೆ ಕಾರ್ಖಾನೆಯ ಒಳ್ಳೆ ಕೊಡಲಿ ಎರಡು ಬರುತ್ತಿದ್ದವು. ಹೊಟ್ಟೆ ಉರಿಯುತ್ತೆ ಅಲ್ವಾ?

ಆದರೂ ವಾಪಸ್ ಕಳಿಸಲಿಲ್ಲ. ಕಾರಣ ಆ ಗಡ್ಡ. ಬಾಯಿಯ ಕೆಳತುದಿ ಗಡ್ಡದ ಹಾಗೆ ಕಾವಿನ ಗುಂಟ ಕೆಳಗಿಳಿದಿದೆ. ಹಿಂದಿನ ಸಂದಿಗೆ ಕೈ ತೂರಿಸಿ ಹಿಡಿದರೆ ಮುಷ್ಟಿ ನೇರ ಬಾಯಿಯ ಹಿಂದೆ. ಹಸಿ ಬರ್ಚ್‌ನಲ್ಲಿ ಚಮಚ ಕೆತ್ತುವಾಗ ಚಾಕುವಿನಂತೆ ಮಾತು ಕೇಳುತ್ತದೆ. ಚೆಕ್ಕೆ ತೆಳ್ಳಗೆ ಸುರುಳಿಯಾಗಿ ಏಳುತ್ತದೆ, ಕೆತ್ತಿದ ಜಾಗ ಉಜ್ಜುಕಾಗದ ಕೇಳುವುದಿಲ್ಲ. ಡೆನ್ಮಾರ್ಕ್‌ನ ರೋಸ್ಕಿಲ್ಡೆಯ ವೈಕಿಂಗ್ ಹಡಗು ಮ್ಯೂಸಿಯಂನವರು ಹಳೇ ಹಡಗಿನ ಮಾದರಿಯಲ್ಲಿ ಕಟ್ಟಿ 2004ರಲ್ಲಿ ನೀರಿಗಿಳಿಸಿದ 30 ಮೀಟರ್ ಹಡಗಿನ ಹಲಗೆಗಳಿಗೆ ಗರಗಸ ಮುಟ್ಟಿಸಿಲ್ಲ, ಓಕ್ ದಿಮ್ಮಿ ಸೀಳಿ ಕೊಡಲಿಯಲ್ಲೇ ನಯ ಮಾಡಿದ್ದು. ಅದನ್ನು ಈಗ ನಂಬುತ್ತೇನೆ.

ಕೆಲಸ ಮುಗಿದ ಮೇಲಿನ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಚರ್ಮದ ಪಟ್ಟಿಯ ಮೇಲೆ ಬಾಯಿ ಎಳೆಯುವುದು, ಮೆತ್ತಿದ ಮರದ ಅಂಟು ಒರೆಸುವುದು, ಬಟ್ಟೆ ತುಂಡಿನಲ್ಲಿ ಒಂದೆರಡು ಹನಿ ಅಗಸೆ ಎಣ್ಣೆ ಸವರುವುದು. ಆಗ ಮೆತ್ತನೆ ಕಬ್ಬಿಣದ ಮೈಗೆ ಗಟ್ಟಿ ಉಕ್ಕಿನ ಬಾಯಿ ಬೆಸೆದ ಗೆರೆ ಅಲೆಅಲೆಯಾಗಿ ಎದ್ದು ಕಾಣುತ್ತದೆ. ಸುಮ್ನೆ ನೋಡುತ್ತಾ ಕೂರುತ್ತೇನೆ. (ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.)

ಕೊನೆಗೆ ನಾನೇ ತೂತಿಗೆ ಅರ ಹಾಕಿ, ಚೆನ್ನಾಗಿ ಒಣಗಿದ ಆಶ್‌ನಲ್ಲಿ ಹೊಸ ಕಾವು ಕೆತ್ತಿ, ಓಕ್ ಬೆಣೆ ಬಡಿದೆ. ಈ ಚಳಿಗಾಲ ಅಲ್ಲಾಡಿಲ್ಲ. ಕಮ್ಮಾರರ ಮೇಲಿನ ಸಿಟ್ಟೂ ಅರ್ಧ ಇಳಿದಿದೆ, ಅಷ್ಟು ಚೆಂದದ ಬಾಯಿ ಬಡಿದಿದ್ದಾರೆ. ನೀವು ತಗೊಳ್ಳುವುದಾದರೆ ಕಾವಿಲ್ಲದ ತಲೆ ಮಾತ್ರ ಕೇಳಿ. ದುಡ್ಡೂ ಉಳಿಯುತ್ತದೆ. ಕಾವು ಕೆತ್ತಲು ಬಾರದಿದ್ದರೆ ಕಾರ್ಖಾನೆಯದ್ದೇ ವಾಸಿ.