ನವನಗರದ ಭಾನುವಾರದ ನಾಟಕ ಓದು: ಹೋಗಿ, ಆದರೆ ಬೇಗ ಹೋಗಿ ಮುಂದೆ ಕೂತ್ಕೊಳ್ಳಿ

ಬಾಗಲಕೋಟೆಯ ನವನಗರದಲ್ಲಿ ಎಂಟು ಭಾನುವಾರ ನಡೆದ ನಾಟಕ ಓದುವ ಶಿಬಿರಕ್ಕೆ ಹೋಗಿದ್ದೆ. ಮುಂದಿನ ತಂಡಕ್ಕೆ ಹೆಸರು ಕೊಡಬೇಕಾ ಬೇಡವಾ ಅಂತ ಮೂರ್ನಾಲ್ಕು ಜನ ಕೇಳಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಡಿ. ಎಂಟು ವಾರಕ್ಕೆ ಸೇರಿ ಫೀ 1200 ರೂಪಾಯಿ, ಬೆಳಿಗ್ಗೆ 10ರಿಂದ 1ರವರೆಗೆ, ನಡುವೆ ಒಂದು ಚಹಾ. ನಟನೆ ಕಲಿಸುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ನಮ್ಮ ತಂಡದಲ್ಲಿ ಇಬ್ಬರು ಹುಡುಗರು ಆಕ್ಟಿಂಗ್ ಕಲಿಯೋಣ ಅಂತ ಬಂದಿದ್ದರು, ಪಾಪ, ಎರಡನೇ ವಾರಕ್ಕೇ ಬಿಟ್ಟರು. ಇಲ್ಲಿ ನಾಟಕವನ್ನು ಗಟ್ಟಿಯಾಗಿ ಓದುತ್ತಾರೆ, ಈ ಪಾತ್ರ ಯಾಕೆ ಹೀಗೆ ಮಾಡಿತು ಅಂತ ಮಾತಾಡುತ್ತಾರೆ. ಅಷ್ಟೇ ಕೆಲಸ. ಆದರೆ ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ಮೊದಲ ಎರಡು ವಾರ ಸೊಫೊಕ್ಲಿಸ್ ಬರೆದ, ಲಂಕೇಶರು ಕನ್ನಡಕ್ಕೆ ತಂದ ಗ್ರೀಕ್ ನಾಟಕ 'ದೊರೆ ಈಡಿಪಸ್'. ಓದಿ ಮುಗಿದ ಮೇಲೆ ಮೇಷ್ಟ್ರು ಕೇಳಿದರು, ಈಡಿಪಸ್ ಯಾಕೆ ಹಾಳಾದ? ಎಲ್ಲರೂ ಒಂದೇ ಉತ್ತರ: ಹಣೆಬರಹ. ನಾನೂ ಅದನ್ನೇ ಹೇಳಿದೆ. "ಹಣೆಬರಹ ಯಾವ ಪುಟದಾಗ ಐತಿ, ತೋರಸ್ರಿ ನೋಡೋಣ" ಅಂದರು. ಪುಟ ತಿರುವಿದ್ದೇ ತಿರುವಿದ್ದು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಅನ್ನುವ ಭವಿಷ್ಯವಾಣಿ ಇದೆ, ನಿಜ. ಆದರೆ ನಾಟಕ ಶುರುವಾಗುವ ಹೊತ್ತಿಗೆ ಕೊಲೆ, ಮದುವೆ ಎಲ್ಲಾ ಆಗಿಹೋಗಿರುತ್ತೆ. ನಮ್ಮ ಕಣ್ಣ ಮುಂದೆ ಅವನು ಮಾಡುವುದು ಒಂದೇ ಕೆಲಸ, ಹಿಂದಿನ ರಾಜನನ್ನು ಕೊಂದದ್ದು ಯಾರು ಅಂತ ಕೇಳುವುದು. ಮೂರು ಜನ ಅವನಿಗೆ ಬೇಡ ಅನ್ನುತ್ತಾರೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ನಾನು ಹೇಳುವುದಿಲ್ಲ ಅನ್ನುತ್ತಾನೆ, ಹೆಂಡತಿ ಜೊಕಾಸ್ಟಾ ಇನ್ನು ಕೇಳಬೇಡ ಅಂತ ಕೈಮುಗಿಯುವಷ್ಟು ಬೇಡಿಕೊಳ್ಳುತ್ತಾಳೆ, ಕೊನೆಗೆ ಮಗುವಾಗಿದ್ದ ಅವನನ್ನು ಉಳಿಸಿದ ಮುದುಕ ಕುರುಬನೂ ಬಿಟ್ಟುಬಿಡಿ ಅನ್ನುತ್ತಾನೆ. ಅವನು ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ? ಊರಿಗೆ ಜಾಡ್ಯ ಬಡಿದಿದೆ, ಜನ ಸಾಯುತ್ತಿದ್ದಾರೆ, ಕೊಲೆಗಾರ ಸಿಕ್ಕರೆ ಊರು ಉಳಿಯುತ್ತೆ. ಹಿಂದೆ ಸ್ಫಿಂಕ್ಸ್ ಅನ್ನುವ ರಾಕ್ಷಸಿಯ ಒಗಟು ಬಿಡಿಸಿ ಇದೇ ಊರನ್ನು ಉಳಿಸಿದ್ದೂ ಈ ಹಟದಿಂದಲೇ ಅಲ್ವಾ? ಅವನ ಒಳ್ಳೆಯ ಗುಣ ಯಾವುದೋ ಅದೇ ಅವನನ್ನು ಮುಗಿಸುತ್ತೆ.

ಕಾಲೇಜಿನಲ್ಲಿ ನಮಗೆ ಹಮಾರ್ಶಿಯ ಅಂದರೆ 'ನಾಯಕನ ದೋಷ' ಅಂತ ನೋಟ್ಸ್ ಬರೆಸಿದ್ದರು. ಈಡಿಪಸ್‌ಗೆ ಸಿಟ್ಟು, ಮ್ಯಾಕ್‌ಬೆತ್‌ಗೆ ಆಸೆ, ಒಥೆಲೋಗೆ ಸಂಶಯ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಅಂಟಿಸಿ ಪರೀಕ್ಷೆ ಬರೆದಿದ್ದೆವು. ಆ ಗ್ರೀಕ್ ಪದಕ್ಕೆ ಗುರಿ ತಪ್ಪುವುದು ಅನ್ನುವ ಅರ್ಥವೂ ಇದೆ ಅಂತ ಇಲ್ಲಿ ತಿಳಿಯಿತು. ಗುರಿ ಇಟ್ಟವನಿಗೆ ತಾನೇ ಗುರಿ ತಪ್ಪುವುದು! ಈ ಒಂದು ಮಾತಿಗೇ ನನ್ನ 1200 ರೂಪಾಯಿ ವಸೂಲಾಯಿತು.

ಈಡಿಪಸ್ ಬೆಳೆದ ಊರು ಕೊರಿಂಥ್‌ನಿಂದ ದೂತ ಬರುವ ದೃಶ್ಯವನ್ನು ಮೂರು ಸಲ ಓದಿಸಿದರು. ಅವನು ಬರುವುದು ಖುಷಿಯ ಸುದ್ದಿ ತಗೊಂಡು. ಅಲ್ಲಿನ ರಾಜ ಸತ್ತ, ಇನ್ನು ನೀನೇ ರಾಜ ಅಂತಾನೆ. ತಾಯಿಯ ಬಗ್ಗೆ ಭಯ ಬೇಡ, ಅಲ್ಲಿನ ರಾಣಿ ನಿನ್ನ ಹೆತ್ತ ತಾಯಿಯೇ ಅಲ್ಲ ಅಂತ ಸಮಾಧಾನ ಹೇಳಲು ಹೋಗುತ್ತಾನೆ. ಆ ಸಮಾಧಾನದ ಮಾತಿನಿಂದಲೇ ಎಲ್ಲಾ ಕುಸಿಯುತ್ತೆ. ಅರಿಸ್ಟಾಟಲ್ ತಿರುವು ಅಂದರೆ ಏನು ಅಂತ ಹೇಳುವಾಗ ಇದೇ ದೃಶ್ಯವನ್ನು ಕೊಟ್ಟಿದ್ದಾನೆ. ಮೂರನೇ ಸಲ ಓದುವಾಗ ದೂತನ ಮಾತು ಕೇಳಿದ ಯಾರಿಗೂ ಉಸಿರು ಇರಲಿಲ್ಲ. ಜೊಕಾಸ್ಟಾಗೆ ಆಗಲೇ ಎಲ್ಲಾ ಗೊತ್ತಾಗಿಬಿಟ್ಟಿದೆ, ಆದರೆ ಸುಮ್ನೆ ನಿಂತಿದ್ದಾಳೆ. ಓದಿನಲ್ಲಿ ಅವಳಿಗೆ ಅಲ್ಲಿ ಮಾತೇ ಇಲ್ಲ, ಹಾಗಾಗಿ ನಾನು ಮೊದಲೆರಡು ಸಲ ಅವಳನ್ನು ಮರೆತೇಬಿಟ್ಟಿದ್ದೆ.

ಆಮೇಲೆ ನಮ್ಮ ಮುಧೋಳದ ರನ್ನ. ಅವನು ಬರೆದದ್ದು ನಾಟಕ ಅಲ್ಲ, 'ಗದಾಯುದ್ಧ' ಅನ್ನುವ ಕಾವ್ಯ. ಆದರೆ ಬಿ.ಎಂ.ಶ್ರೀ ಅವರು ಅದರಿಂದಲೇ 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು, ಮೂರು ವರ್ಷದ ಮೇಲೆ ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು 'ಅಶ್ವತ್ಥಾಮನ್' ಆಗಿಸಿದರು. ರನ್ನನ ಕಾವ್ಯದ ಇನ್ನೊಂದು ಹೆಸರು 'ಸಾಹಸಭೀಮ ವಿಜಯ', ಅಂದರೆ ಗೆಲ್ಲುವವನು ಭೀಮ, ಹೊಗಳಿಸಿಕೊಳ್ಳುವವನು ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯ ರಾಜ. ಆದರೆ ಓದುವಾಗ ನಮ್ಮ ಜೀವ ಹೋಗುವುದು ದುರ್ಯೋಧನನ ಹಿಂದೆ. ಸಂಜಯನ ಜೊತೆ ರಣರಂಗದಲ್ಲಿ ಹೆಣ ದಾಟಿಕೊಂಡು ನಡೆಯುತ್ತಾನೆ, ದ್ರೋಣ, ತಮ್ಮ, ಮಗ, ಕರ್ಣ. ಇವರೆಲ್ಲ ಹೋದ ಮೇಲೆ ಸಂಧಿ ಮಾಡಿಕೊಂಡು ಯಾರ ಜೊತೆ ಬಾಳಬೇಕು? ಅವನ ಹಟದಲ್ಲಿ ಛಲ ಎಷ್ಟಿದೆಯೋ ದುಃಖವೂ ಅಷ್ಟೇ ಇದೆ ಅಂತ ನನಗೆ ಮೊದಲ ಸಲ ಅನಿಸಿತು.

"ನೀರೊಳಗಿರ್ದುಂ ಬೆಮರ್ತನ್" ಅನ್ನುವ ಮಾತನ್ನು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಸರೋವರದ ನೀರೊಳಗೆ ಕೂತವನು ಭೀಮನ ಕೂಗು ಕೇಳಿ ಬೆವರಿದ. ಸಿಟ್ಟಿಗಾ, ಭಯಕ್ಕಾ? ಇದರ ಮೇಲೆ ಅರ್ಧ ಗಂಟೆ ಚರ್ಚೆ. ಪದ್ಯದಲ್ಲೇ ಸಿಟ್ಟಿಗೆ ಕಣ್ಣು ಕೆಂಪಾಗಿತ್ತು ಅಂತ ಇದೆ, ಹಾಗಾಗಿ ಸಿಟ್ಟು ಅಂತ ಜಾಸ್ತಿ ಜನ ಅಂದರು. ನನಗೆ ಅದರ ಕೆಳಗೆ ನಾಚಿಕೆ ಕಾಣುತ್ತೆ. ಭೀಷ್ಮನ ಮಾತಿಗೆ ಕಟ್ಟುಬಿದ್ದು ಅಡಗಿದ ಅಭಿಮಾನಿ ಅವನು. ನಿವೃತ್ತ ಶಿಕ್ಷಕಿ ಒಬ್ಬರು ಆ ಪದ್ಯ ಪೂರ್ತಿ ಬಾಯಿಂದಲೇ ಹೇಳಿದರು, ಕೊನೆಗೆ ಬಂದಾಗ ಅವರ ದನಿ ನಡುಗಿತು.

ಆರನೇ ವಾರ 'ಸಂಗ್ಯಾ ಬಾಳ್ಯಾ'. ಬೈಲಹೊಂಗಲದಲ್ಲಿ ನಡೆದ ಕೊಲೆಯ ಕಥೆ, ಪತ್ತಾರ ಮಾಸ್ತರರ ಸಣ್ಣಾಟ (ಹಾಡು, ಮಾತು ಬೆರೆತ ಜನಪದ ನಾಟಕ), ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಜಮಖಂಡಿ ಕಡೆಯ ಒಬ್ಬ ಅಜ್ಜಾರು ನಮ್ಮ ಜೊತೆ ಕಲಿಯಲು ಬರುತ್ತಿದ್ದರು, ಐದು ವಾರ ಒಂದು ಮಾತೂ ಆಡಿರಲಿಲ್ಲ. ಅವತ್ತು ಮೇಷ್ಟ್ರು "ಬಾಳ್ಯಾ ಗೆಳೆಯನಿಗೆ ಘಾತ ಮಾಡುವಾಗ ಅವನ ಮನಸ್ಸಲ್ಲಿ ಏನಿತ್ತು" ಅಂತ ಕೇಳಿದಾಗ ಎದ್ದು ನಿಂತರು. "ಸರ, ನಾ ಬಾಳ್ಯಾನ ಪಾರ್ಟು ಮಾಡೇನ್ರಿ" ಅಂದರು. ಪಕ್ಕದ ಹುಡುಗನನ್ನು ಎಬ್ಬಿಸಿ ಹೆಗಲ ಮೇಲೆ ಕೈ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. ಐದನೇ ಹೆಜ್ಜೆಗೆ ಕೈ ಮೆಲ್ಲಗೆ ಜಾರಿ ತಮ್ಮ ಹೆಗಲ ಟವೆಲಿಗೆ ಬಂತು, ಅದರಿಂದ ಬಾಯಿ ಒರೆಸಿಕೊಂಡರು. "ಇಷ್ಟ ರಿ. ಮುಂದ ಅಂವಾ ಗೆಳೆಯನ ಮುಖಾ ನೋಡಂಗಿಲ್ಲ." ಇಡೀ ಶಿಬಿರದಲ್ಲಿ ನನ್ನ ಕಣ್ಣಲ್ಲಿ ಉಳಿದದ್ದು ಆ ಕೈ.

ಅದೇ ದಿನ ಸಣ್ಣಾಟದ ಹಿಮ್ಮೇಳವನ್ನೂ ಗ್ರೀಕ್ ನಾಟಕದ ಮೇಳವನ್ನೂ (ಕೋರಸ್) ಹೋಲಿಸಿ ಎರಡೂ ಒಂದೇ ಅಂದರು. ಇದನ್ನು ನಾನು ಒಪ್ಪಲ್ಲ. ಈಡಿಪಸ್ ನಾಟಕದ ಮೇಳ ಊರಿನ ಹಿರಿಯರು, ಅವರಿಗೆ ಅವರದೇ ಭಯ ಇದೆ, ರಾಜನ ಜೊತೆ ಮಾತಾಡುತ್ತಾರೆ. ನಮ್ಮ ಹಿಮ್ಮೇಳ ಹಾಡು ಎತ್ತಿಕೊಂಡು ನಟನನ್ನು ಮುಂದೆ ದಬ್ಬುತ್ತೆ. ಎರಡೂ ಚೆಂದ, ಆದರೆ ಎರಡೂ ಒಂದಲ್ಲ.

ಈಗ ಬೇಸರದ ವಿಷಯ. ಏಳನೇ ವಾರ ರಂಗಭೂಮಿಯ ಇತಿಹಾಸ. ಅಥೆನ್ಸ್‌ನ ಡಯೋನಿಸಸ್ ಹಬ್ಬ, ಮುಖವಾಡ, ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದದ್ದು, ಇದಕ್ಕೇ ಎರಡು ಗಂಟೆ ಹೋಯಿತು. ನಮ್ಮ ಕಂಪನಿ ನಾಟಕಗಳಿಗೆ ಉಳಿದದ್ದು ನಲವತ್ತು ನಿಮಿಷ! ಗದಗಿನ ನಾಟಕಕಾರ ಶಾಂತಕವಿಗಳು ಒಂದೇ ವಾಕ್ಯದಲ್ಲಿ ಮುಗಿದರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕವನ್ನು ಬೆಳೆಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅವರ ಹೆಸರೇ ಬರಲಿಲ್ಲ. 'ಶ್ರೀಕೃಷ್ಣ ಪಾರಿಜಾತ' ಆಟದ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರೂ ಬರಲಿಲ್ಲ. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ನಟ ಏಣಗಿ ಬಾಳಪ್ಪನವರ ಒಬ್ಬರ ಜೀವನ ಹೇಳಿದ್ದರೂ ಕಂಪನಿ ನಾಟಕದ ಏರಿಳಿತ ಪೂರ್ತಿ ಅರ್ಥವಾಗುತ್ತಿತ್ತು. ಕೋಣೆಯಲ್ಲಿ ಕೂತ ಅರ್ಧ ಜನ ಜಾತ್ರೆಯಲ್ಲಿ ರಾತ್ರಿಯಿಡೀ ನಾಟಕ ನೋಡಿ ಬೆಳೆದವರು. ಅವರನ್ನೇ ಕೇಳಬಹುದಿತ್ತು. ಇದನ್ನು ಮುಖಕ್ಕೆ ಮುಖ ಹೇಳಿದ್ದೇನೆ, ಮುಂದಿನ ಸಲ ಎರಡು ವಾರ ಕೊಡುತ್ತೇವೆ ಅಂದಿದ್ದಾರೆ.

ಸಣ್ಣಪುಟ್ಟ ತೊಂದರೆಗಳೂ ಇವೆ. ಝೆರಾಕ್ಸ್ ಪ್ರತಿಗಳಲ್ಲಿ ಬಲಗಡೆಯ ಅಕ್ಷರ ಕಟ್ ಆಗಿದ್ದವು, ಸಾಧ್ಯವಾದರೆ ಪುಸ್ತಕ ಕೊಂಡುಕೊಂಡು ಹೋಗಿ. ಫ್ಯಾನಿನ ಸದ್ದಿಗೆ ಹಿಂದಿನ ಎರಡು ಸಾಲಿಗೆ ಓದು ಕೇಳಿಸುವುದಿಲ್ಲ, 9:45ಕ್ಕೆ ಹೋದರೆ ಮುಂದೆ ಜಾಗ ಸಿಗುತ್ತೆ. ಪಿಯುಸಿ ಮಕ್ಕಳಿಂದ ಹಿಡಿದು ಯಾರು ಬೇಕಾದರೂ ಬರಬಹುದು, ಮೊದಲೇ ಏನೂ ಓದಿರಬೇಕಾಗಿಲ್ಲ.

ಮುಂದಿನ ತಂಡದಲ್ಲಿ ಕಾರ್ನಾಡರ 'ತುಘಲಕ್' ಇದೆಯಂತೆ. ನಾನು ಮತ್ತೆ ಹೆಸರು ಕೊಟ್ಟಿದ್ದೇನೆ, ಅಜ್ಜಾರೂ ಕೊಟ್ಟಿದ್ದಾರೆ.